ಮದುವೆಯಾಗದ ಮಾವನ ಮೂವರು ಮಕ್ಕಳು

ಬೆಹಾಲಾ, ಕಲ್ಕತ್ತಾ–೩೪
೧೬ ಫೆಬ್ರವರಿ ೧೯೬೯, ಭಾನುವಾರ

ಪ್ರೀತಿಯ ಅಮ್ಮಾ,

ನಿನ್ನ ಮಗಳು ರಾಜೀವಿ ಇಲ್ಲಿಂದಲೇ ನಿನ್ನ ಕಾಲು ಮುಟ್ಟಿ ಬರೆಯುತ್ತಿರುವುದು. ಆ ಕಾಲಿನ ಗಂಟುನೋವು ಈಗ ಹೇಗಿದೆ? ಉದ್ದು ಕೀಳುವುದಕ್ಕೆ ಈ ವರ್ಷವೂ ನೀನೇ ಗದ್ದೆಗೆ ಇಳಿದೆಯಂತೆ, ಮುರಾರಿ ಬರೆದಿದ್ದಾನೆ. ಮನೆಯ ಯಜಮಾನ್ತಿ ನೀನು, ಅಂಚಿನಲ್ಲಿ ನಿಂತು ಹೇಳಿದರೆ ಆಳುಗಳು ಕೇಳುವುದಿಲ್ಲವೇ? ನಾನು ಹೇಳಿದರೆ ನೀನು ಕೇಳುವವಳಲ್ಲ, ಹೋಗಲಿ. ಕಪ್ಪು ದನ ಕರು ಹಾಕಿತೇ? ಮುರಾರಿ ಪರೀಕ್ಷೆಗೆ ಓದುತ್ತಿದ್ದಾನೋ ಅಥವಾ ಬಾರ್ಕೂರಿನ ಕೆರೆಗಳಲ್ಲಿ ಈಜುತ್ತಿದ್ದಾನೋ? ನಾವು ಇಲ್ಲಿ ಕ್ಷೇಮ. ಚಳಿ ಬಿಟ್ಟಿದೆ. ಬಾಲಚಂದ್ರನಿಗೆ ಮೀಸೆ ಬಂದಿದೆ ಎಂದು ಅವನೊಬ್ಬನೇ ಹೇಳುತ್ತಾನೆ, ನಮಗಿನ್ನೂ ಕಂಡಿಲ್ಲ. ನಿನ್ನ ತಮ್ಮ, ನಮ್ಮ ಶೀನ ಮಾವ, ನಿನ್ನೆಯಿಂದ ಎರಡೆರಡು ಸಲ ಬಡಿಸಿಕೊಂಡು ಉಣ್ಣುತ್ತಿದ್ದಾರೆ. ಮೂರು ತಿಂಗಳ ಹಿಂದೆ ಮಾಯವಾದ ಹಸಿವು ವಾಪಸು ಬಂದಿದೆ. ಅದು ಯಾಕೆ ಹೋಯಿತು, ಹೇಗೆ ಬಂತು ಎಂದು ಹೇಳುವುದಕ್ಕೇ ಈ ಕಾಗದ.

ಮುರಾರಿಯ ಕಾಗದದ ಅಂಚಿನಲ್ಲಿ ಅವನಿಗೆ ಕಾಣದ ಹಾಗೆ ನೀನೇ ಪೆನ್ಸಿಲಿನಲ್ಲಿ ಗೀಚಿದ ಸಾಲನ್ನು ಓದಿದೆ. ಇಲ್ಲಿಂದ ಊರಿಗೆ ಬಂದ ಗಂಗೂಬಾಯಿ ನಿನ್ನ ಕಿವಿಯಲ್ಲಿ ಊದಿದ್ದಾಳಲ್ಲ, ಶೀನ ಶೆಟ್ಟರಿಗೆ ಕಲ್ಕತ್ತದಲ್ಲಿ ಗುಟ್ಟಾಗಿ ಮಕ್ಕಳಿದ್ದಾವಂತೆ, ಇನ್‌ಕಂ ಟ್ಯಾಕ್ಸಿನವರೇ ಹಿಡಿದರಂತೆ ಎಂದು. ಸುತ್ತಿ ಬಳಸಿ ಹೇಳುವುದಿಲ್ಲಮ್ಮಾ. ಹೌದು, ಮಾವನಿಗೆ ಮೂವರು ಮಕ್ಕಳು. ಒಂದು ಹೆಣ್ಣು, ಎರಡು ಗಂಡು. ಹೆಣ್ಣೇ ದೊಡ್ಡವಳು, ಬಾಯಿ ಸ್ವಲ್ಪ ಜೋರು. ಟ್ಯಾಕ್ಸಿನವರು ಹಿಡಿದದ್ದೂ ನಿಜ. ಎದೆ ಹಿಡಿದುಕೊಂಡು ಕೂರಬೇಡ, ಮಕ್ಕಳ ಹೆಸರು ಹೇಳುತ್ತೇನೆ: ರಾಜೀವಿ, ಬಾಲಚಂದ್ರ, ಮುರಾರಿ. ಹೆತ್ತವಳು ಬಾರ್ಕೂರಿನಲ್ಲಿ ಗಂಟುನೋವು ಇಟ್ಟುಕೊಂಡು ಉದ್ದು ಕೀಳುತ್ತಿದ್ದಾಳೆ. ಈಗ ನಗು, ನಕ್ಕು ಮುಗಿದ ಮೇಲೆ ಮುಂದೆ ಓದು.

ನಡೆದದ್ದು ಇಷ್ಟು. ಸಂಪಾದನೆ ಮಾಡುವವರು ವರ್ಷಕ್ಕೊಮ್ಮೆ ಸರ್ಕಾರಕ್ಕೆ ಒಂದು ಫಾರಂ ತುಂಬಿಕೊಡಬೇಕು. ನಮ್ಮಲ್ಲಿ ಬೀಜಕ್ಕೆಂದು ಭತ್ತ ಎತ್ತಿಟ್ಟು ಮಿಕ್ಕದ್ದನ್ನು ಲೆಕ್ಕಕ್ಕೆ ಹಿಡಿಯುತ್ತೇವಲ್ಲ, ಹಾಗೆ ಸರ್ಕಾರವೂ ಮನುಷ್ಯ ಬದುಕುವುದಕ್ಕೆ ಬೇಕೆಂದು ಸ್ವಲ್ಪ ಬಿಟ್ಟು ಉಳಿದದ್ದಕ್ಕೆ ತೆರಿಗೆ ಹಾಕುತ್ತದೆ. ಆ ಬಿಡುವುದಕ್ಕೆ ವಿನಾಯಿತಿ ಎನ್ನುತ್ತಾರೆ. ಒಂಟಿ ಆಸಾಮಿಗೆ ಕಡಿಮೆ, ಮದುವೆಯಾದವನಿಗೆ ಜಾಸ್ತಿ, ಅವನು ಸಾಕುವ ಮಕ್ಕಳಿದ್ದರೆ ಇನ್ನೂ ಒಂದು ಚೂರು ಜಾಸ್ತಿ. ಮಾವ ತಮ್ಮ ದೋಸೆ ಹೋಟೆಲಿನ ಫಾರಂ ತುಂಬುವುದಕ್ಕೆ ಯಾರನ್ನೂ ಕರೆಯುವವರಲ್ಲ. ಬೋರ್ಡುಗಳನ್ನು ಓದಿ ಓದಿ ಇಂಗ್ಲಿಷು ಕಲಿತವರು, ಬೋರ್ಡಿನ ಹಾಗೇ ದೊಡ್ಡ ದೊಡ್ಡ ಅಕ್ಷರದಲ್ಲಿ ತಾವೇ ಬರೆಯುತ್ತಾರೆ. ಮದುವೆಯಾಗಿದೆಯೇ ಎಂದು ಕೇಳಿದಲ್ಲಿ ಇಲ್ಲ ಎಂದು ಬರೆದಿದ್ದಾರೆ. ಅದರ ಕೆಳಗೆ, ನಿಮ್ಮ ಸಂಪಾದನೆಯನ್ನು ನೆಚ್ಚಿಕೊಂಡ ಮಕ್ಕಳೆಷ್ಟು ಎಂದು ಕೇಳಿದಲ್ಲಿ ಮೂವರು ಎಂದು ಬರೆದು ನಮ್ಮ ಹೆಸರು, ವಯಸ್ಸು ಎಲ್ಲ ತುಂಬಿದ್ದಾರೆ. ಅವರಿಗೆ ಎರಡೂ ಸರಿಯೇ. ನಮ್ಮ ಕಡೆ ಮನೆ ನಡೆಯುವುದು ಹೆಣ್ಣಿನಿಂದ, ಗಂಡಸಿನ ಮನೆತನಕ್ಕೆ ಮುಂದಿನವರು ಅವನ ಅಕ್ಕತಂಗಿಯರ ಮಕ್ಕಳು, ಇದನ್ನು ನಿನಗೆ ಹೇಳಬೇಕಾಗಿಲ್ಲ. ಆದರೆ ಈ ಊರಿನಲ್ಲಿ ಆ ಫಾರಮನ್ನು ಓದಿದವರಿಗೆ ಹೇಗೆ ಕಂಡಿರಬೇಡ ಹೇಳು.

ದೀಪಾವಳಿಯ ಹೊತ್ತಿನ ಕಾಳಿಪೂಜೆ ಮುಗಿದ ವಾರ ನೋಟೀಸು ಬಂತು. ಮಾವ ಬಿಳಿ ಪಂಚೆ ಉಟ್ಟು, ಕೊಡೆ ಹಿಡಿದು, ಬೆಹಾಲಾ ಡಿಪೋದಲ್ಲಿ ಟ್ರಾಮು ಹತ್ತಿ ಆಫೀಸಿಗೆ ಹೋದರು. ನನ್ನನ್ನು ಕರೆಯಲಿಲ್ಲ, ಕಾಲೇಜು ತಪ್ಪುತ್ತದೆ ಎಂದರು. ಅಲ್ಲಿ ಗುಮಾಸ್ತನೊಬ್ಬ ಫಾರಂ ನೋಡಿ ಪಕ್ಕದವನಿಗೆ ತೋರಿಸಿದನಂತೆ, ಇಬ್ಬರೂ ನಕ್ಕರಂತೆ. ಬೌದಿ ಎಲ್ಲಿದ್ದಾರೆ, ಅಂದರೆ ಅತ್ತಿಗೆ ಎಲ್ಲಿ, ಎಂದು ಕೇಳಿದರಂತೆ. ಕೊನೆಗೆ ಮಾವನಿಗೆ ಹೇಳಿದ್ದು ಎರಡು ದಾರಿ. ನನಗೆ ಮಕ್ಕಳಿಲ್ಲ, ತಪ್ಪು ಬರೆದೆ ಎಂದು ಒಂದು ಹೇಳಿಕೆಗೆ ಸಹಿ ಹಾಕಬೇಕು. ಇಲ್ಲದಿದ್ದರೆ ಸುಳ್ಳು ವಿನಾಯಿತಿ ಕೇಳಿದ್ದಕ್ಕೆ ದಂಡ, ಅದರ ಜೊತೆ ಸುಳ್ಳುಗಾರ ಎಂಬ ಹೆಸರು. ಆ ಹೆಸರು ಆಫೀಸಿನ ಬಾಗಿಲಲ್ಲೇ ನಿಲ್ಲಲಿಲ್ಲ. ನಮ್ಮ ಹೋಟೆಲಿಗೆ ದೋಸೆ ತಿನ್ನಲು ಬರುವ ಗಿರಾಕಿಗಳೂ ಶೆಟ್ಟಿದಾ, ಅಂದರೆ ಶೆಟ್ಟಿ ಅಣ್ಣಾ, ಎಂದು ಕಣ್ಣು ಹೊಡೆಯತೊಡಗಿದರು. ಗಂಗೂಬಾಯಿಗೆ ಸುದ್ದಿ ಸಿಕ್ಕಿದ್ದು ಅಲ್ಲೇ ಇರಬೇಕು.

ಇಲ್ಲಿಯ ಕಸ್ಬಾ ಕಡೆಯಿಂದ ಭಾನುವಾರ ತಪ್ಪದೆ ಬರುವ ಮೈಸೂರಿನ ಅಶ್ವತ್ಥನಾರಾಯಣ ಪ್ರೊಫೆಸರು ನಿನಗೆ ಗೊತ್ತಲ್ಲ, ಹೋದ ವರ್ಷ ನಿನಗೆ ಮೈಸೂರು ವೀಳ್ಯದೆಲೆ ಕಳಿಸಿಕೊಟ್ಟವರು. ಒಳ್ಳೆಯ ಮನುಷ್ಯ. ಮಾವನ ಪಕ್ಕ ಕೂತು ಹೇಳಿದರು, "ಶೆಟ್ಟರೇ, ಇಲ್ಲಾಂತ ಬರೆದು ಒಂದು ಸಹಿ ಹಾಕಿಬಿಡಿ, ಮುಗಿದುಹೋಗುತ್ತೆ. ಕಾಗದದ ಮೇಲೆ ಇಲ್ಲ ಅಂದ್ರೆ ಮಕ್ಕಳು ಓಡಿಹೋಗ್ತಾರಾ?" ಮಾವ ಕಾವಲಿಯ ಮೇಲಿದ್ದ ದೋಸೆಯನ್ನು ಮಗುಚಲಿಲ್ಲ. ಅದು ಕರಕಲಾಯಿತು. ಆಮೇಲೆ ಹೇಳಿದ ಮಾತು ನನ್ನ ಕಿವಿಯಲ್ಲಿ ಇವತ್ತಿಗೂ ಇದೆ. "ಎಂತ ಸ್ವಾಮಿ, ನಂಗ್ ಮಕ್ಳ್ ಇಲ್ಯಾ? ನಾಳೆ ನಾನ್ ಸತ್ರೆ ಬೊಜ್ಜಕ್ಕೆ ಕೂಕಂಬುದ್ ಯಾರ್? ದುಡ್ಡ್ ಎಷ್ಟಾರೂ ಕೊಡ್ತೆ. ಆ ಮಾತಿಗ್ ಮಾತ್ರ ಸೈ ಹಾಕುದಿಲ್ಲೆ." ಪ್ರೊಫೆಸರಿಗೆ ಬೊಜ್ಜ ಎಂದರೆ ಏನೆಂದು ತಿಳಿಯಲಿಲ್ಲ. ಉತ್ತರಕ್ರಿಯೆ ಎಂದು ನಾನು ಹೇಳಿದ ಮೇಲೆ ಅವರೂ ತಟ್ಟೆ ಸರಿಸಿದರು.

ಅವತ್ತಿನಿಂದ ಮಾವನ ಊಟ ಕಡಿಮೆಯಾಯಿತು. ಗಿರಾಕಿಗಳ ಜೊತೆ ಹರಟೆಯಿಲ್ಲ, ಸಾಂಬಾರಿಗೆ ಸಕ್ಕರೆ ಹಾಕಿ ಎನ್ನುವ ಬಂಗಾಲಿಗಳ ಮೇಲೆ ಎಂದಿನ ಜಗಳವಿಲ್ಲ. ನೀನೇ ಹೇಳಮ್ಮಾ. ಅಪ್ಪಯ್ಯ ಹೋದಾಗ ಮುರಾರಿ ತೊಟ್ಟಿಲಲ್ಲಿದ್ದ. ಅಲ್ಲಿಂದ ಇಲ್ಲಿಯವರೆಗೆ ನಮ್ಮ ಫೀಸು, ಬಟ್ಟೆ, ಔಷಧಿ, ನಿನ್ನ ಗದ್ದೆಗೆ ಗೊಬ್ಬರ, ಎಲ್ಲವೂ ಆ ಕಾವಲಿಯಿಂದಲೇ ಬಂದದ್ದು. ಅಂಥವರು ಮುದುಕರಾಗುವ ಕಾಲಕ್ಕೆ, ನನಗೆ ಯಾರೂ ಇಲ್ಲ ಎಂದು ಸಹಿ ಹಾಕಬೇಕಂತೆ. ಇಲ್ಲವಾದರೆ ಸುಳ್ಳುಗಾರನಂತೆ. ನಾನು ಮಾವನಿಗೆ ಹೇಳಿಯೇಬಿಟ್ಟೆ, ಮುಂದಿನ ಸಲ ನೀವು ಒಬ್ಬರೇ ಹೋಗುವುದಿಲ್ಲ, ನಾನು ಬರುತ್ತೇನೆ, ಕಾಲೇಜು ತಪ್ಪಿದರೆ ತಪ್ಪಲಿ. "ನೀ ಎಂತ ಮಾಡ್ತೆ ಅಲ್ಲಿ ಬಂದ್?" ಎಂದರು. ಏನು ಮಾಡುತ್ತೇನೆಂದು ನನಗೂ ಗೊತ್ತಿರಲಿಲ್ಲ. ಗೊತ್ತಿದ್ದವಳ ಹಾಗೆ ಮುಖ ಮಾಡಿದೆ.

ಪ್ರೊಫೆಸರು ಲೈಬ್ರರಿಯಿಂದ ತೆರಿಗೆ ಕಾನೂನಿನ ದಪ್ಪ ಪುಸ್ತಕ ತಂದುಕೊಟ್ಟರು. ಅದನ್ನು ಬರೆದವರು ಓದುವವರ ಮೇಲೆ ಏನೋ ಸೇಡು ಇಟ್ಟುಕೊಂಡಿದ್ದಾರೆ. ಒಂದೊಂದು ವಾಕ್ಯ ಮುಗಿಯುವಷ್ಟರಲ್ಲಿ ಅನ್ನ ಬೇಯಿಸಿ ಕೆಳಗಿಳಿಸಬಹುದು. ಕಾಮರ್ಸು ಓದುವವಳು ನಾನು, ಆದರೂ ಮೊದಲ ಓದಿಗೆ ಒಂದಕ್ಷರವೂ ತಲೆಗೆ ಹತ್ತಲಿಲ್ಲ. ಕೊನೆಗೆ ಮಾವನ ಫಾರಂ ಒಂದು ಕಡೆ, ಪುಸ್ತಕ ಒಂದು ಕಡೆ ಇಟ್ಟು, ಸಾಲು ಸಾಲಾಗಿ ಹೊಂದಿಸಿ ನೋಡಿದೆ. ಮೊದಲು ಗೊತ್ತಾದದ್ದು ಕೆಟ್ಟ ಸುದ್ದಿ. ಕಾನೂನಿಗೆ ಮಕ್ಕಳೆಂದರೆ ಅವರವರ ಮಕ್ಕಳೇ. ಅಕ್ಕನ ಮಕ್ಕಳನ್ನು ಸಾಕಿದರೆ ಪುಣ್ಯ ಬರಬಹುದು, ವಿನಾಯಿತಿ ಬರುವುದಿಲ್ಲ. ಮಾವ ಕೇಳಿದ್ದು ಅವರಿಗೆ ಸಲ್ಲುವುದಲ್ಲ, ಅಷ್ಟು ತೆರಿಗೆ ಕಟ್ಟಲೇಬೇಕು. ಅದೇನೂ ದೊಡ್ಡ ಮೊತ್ತವಲ್ಲ. ಇನ್ನೂ ಮುಂದೆ ಓದಿದೆ. ತಪ್ಪಾಗಿ ಕೇಳುವುದು ಬೇರೆ, ಮೋಸಕ್ಕಾಗಿ ಕೇಳುವುದು ಬೇರೆ. ದಂಡ ಇರುವುದು ಮೋಸಕ್ಕೆ. ಹಾಗಾದರೆ ನಾನು ತೋರಿಸಬೇಕಾದದ್ದು ಒಂದೇ, ಮಾವ ಮೋಸ ಮಾಡಲಿಲ್ಲ ಎಂದು. ಹಣ ಸರ್ಕಾರದ್ದು, ಕೊಟ್ಟುಬಿಡೋಣ. ಮಾತು ನಮ್ಮದು, ಅದನ್ನು ಬಿಡುವುದು ಬೇಡ. ಇಷ್ಟು ತಿಳಿದ ಮೇಲೆ ವಿನಾಯಿತಿಯ ಪಟ್ಟಿಯನ್ನು ಮತ್ತೊಮ್ಮೆ ಮೇಲಿನಿಂದ ಓದಿದೆ. ಆಗ ಕಣ್ಣಿಗೆ ಬಿತ್ತು ನೋಡು ಒಂದು ಸಾಲು, ಎದ್ದು ಕುಣಿಯಬೇಕು ಅನ್ನಿಸಿತು. ಅದೇನೆಂದು ಆಫೀಸಿಗೆ ಹೋದ ಮೇಲೆ ಹೇಳುತ್ತೇನೆ, ಸ್ವಲ್ಪ ತಾಳು.

ಅದಕ್ಕೂ ಮೊದಲು ನಮ್ಮ ಮನೆಯೊಡತಿ ಶೋಭನಾ ಮಾಶಿಯ ವಿಷಯ. ಮಾಶಿ ಎಂದರೆ ಇಲ್ಲಿ ಚಿಕ್ಕಮ್ಮ, ದೊಡ್ಡಮ್ಮ. ಸರಸ್ವತಿ ಪೂಜೆ ಕಳೆದ ಮೇಲೆ ಅವರ ಮೊಮ್ಮಗುವಿಗೆ ಮುಖೇಭಾತ್ ಇತ್ತು, ನಮ್ಮ ಅನ್ನಪ್ರಾಶನವೇ. ಮಗುವಿಗೆ ಕೆಂಪು ರೇಷ್ಮೆ ಉಡಿಸಿ, ಹಣೆಗೆ ಚಂದನ ಇಟ್ಟು, ಪಾಯಸದ ಬಟ್ಟಲು ಮುಂದಿಟ್ಟು ಮನೆಮಂದಿಯೆಲ್ಲ ಕಾಯುತ್ತಿದ್ದಾರೆ. ಯಾರಿಗೆ? ಮಗುವಿನ ಮಾಮಾನಿಗೆ, ಅಂದರೆ ಸೋದರಮಾವನಿಗೆ. ಅವನು ಡಮ್ ಡಮ್‌ನಿಂದ ಬರಬೇಕು, ದಾರಿಯಲ್ಲಿ ಯಾವುದೋ ಪಕ್ಷದ ಮೆರವಣಿಗೆ, ಟ್ರಾಮು ಬಸ್ಸು ಎಲ್ಲ ನಿಂತಿವೆ. ಪಾಯಸ ಆರಿತು, ಮಗು ಅತ್ತು ಅತ್ತು ಚಂದನ ಕಲಸಿಕೊಂಡಿತು. ಹಾಗಾದರೆ ಅಪ್ಪ ಇಲ್ಲೇ ನಿಂತಿದ್ದಾನಲ್ಲ, ಅವನೇ ತಿನ್ನಿಸಲಿ ಎಂದು ನಾನು ಬಾಯಿಬಿಟ್ಟೆ. ಮಾಶಿ ನನ್ನನ್ನು ನೋಡಿದ ನೋಟಕ್ಕೆ ನಾನು ಕಂಬದ ಹಿಂದೆ ಸರಿದೆ. "ಮಾಮಾ ಥಾಕ್ತೆ ಬಾಬಾ ಕೆನೋ?" ಎಂದರು, ಮಾಮಾ ಇರುವಾಗ ಅಪ್ಪ ಯಾಕೆ ಎಂದು. ಅಂತೂ ಬೆವರುತ್ತಾ ಓಡಿ ಬಂದ ಮಾಮಾನ ತೊಡೆಯ ಮೇಲೆ ಕೂತೇ ಮಗು ಮೊದಲ ಅನ್ನ ತಿಂದದ್ದು. ಅಮ್ಮಾ, ಅಲ್ಲಿ ಎಲ್ಲರೂ ಶಂಖ ಊದುತ್ತಿದ್ದರೆ ನಾನೊಬ್ಬಳು ಮನಸ್ಸಿನಲ್ಲೇ ಟ್ಯಾಕ್ಸ್ ಆಫೀಸಿನ ಮೆಟ್ಟಿಲು ಹತ್ತುತ್ತಿದ್ದೆ.

ಹೋದ ವಾರ ವಿಚಾರಣೆ. ಅಧಿಕಾರಿಯ ಹೆಸರು ಲಾಹಿಡಿ. ದಪ್ಪ ಕನ್ನಡಕ, ಬಾಡಿದ ಮುಖ, ಮೇಜಿನ ತುಂಬ ಕಡತ. ಕೆಟ್ಟವರಲ್ಲ, ದಣಿದವರು. ಮಾವ ಕೊಡೆಯನ್ನು ಎರಡು ಕೈಯಲ್ಲಿ ಹಿಡಿದು ಕುರ್ಚಿಯ ತುದಿಯಲ್ಲಿ ಕೂತರು. ಅವಿವಾಹಿತ, ಮೂವರು ಮಕ್ಕಳು, ಏನು ಇದು ಎಂದು ಲಾಹಿಡಿ ಕೇಳಿದರು. ನಾನು ಎದ್ದು ನಿಂತು ಬಂಗಾಲಿಯಲ್ಲೇ ಹೇಳಿದೆ, ಆ ಮೂವರಲ್ಲಿ ದೊಡ್ಡವಳು ನಾನೇ, ಇವರು ನನ್ನ ಮಾಮಾ. ಹಾಗಾದರೆ ಸುಳ್ಳು ಬರೆದದ್ದು ನಿಜವಾಯಿತಲ್ಲ ಎಂದರು. ನನ್ನ ಬಾಯಿ ನಿನ್ನದೇ ತಾನೇ. ಆಗ ನಾನು ಪುಸ್ತಕದ ಆ ಸಾಲನ್ನು ತೆಗೆದೆ. ಸಾರ್, ಈ ಪಟ್ಟಿ ನೋಡಿ, ಮಕ್ಕಳಿದ್ದರೆ ಸಿಗುವ ವಿನಾಯಿತಿ ಚಿಟಿಕೆಯಷ್ಟು, ಹೆಂಡತಿ ಇದ್ದರೆ ಸಿಗುವುದು ಅದರ ಎಷ್ಟೋ ಪಾಲು ಹೆಚ್ಚು. ಮೋಸ ಮಾಡುವವರಾಗಿದ್ದರೆ ನನ್ನ ಮಾವ ಮೊದಲು ಒಬ್ಬಳು ಹೆಂಡತಿಯನ್ನು ಬರೆಯುತ್ತಿದ್ದರು. ಅದೊಂದು ಹೆಸರು ಬರೆದಿದ್ದರೆ ನಿಮಗೂ ಸಂಶಯ ಬರುತ್ತಿರಲಿಲ್ಲ. ಮೇಲಿನ ಸಾಲಿನಲ್ಲಿ ಮದುವೆಯಾಗಿಲ್ಲ ಎಂದು ಸತ್ಯ ಬರೆದು, ದೊಡ್ಡ ವಿನಾಯಿತಿಯನ್ನು ಕೈಬಿಟ್ಟು, ಕೆಳಗಿನ ಸಾಲಿನಲ್ಲಿ ಚಿಟಿಕೆಗಾಗಿ ಸುಳ್ಳು ಹೇಳುವ ಕಳ್ಳನನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಲಾಹಿಡಿ ಫಾರಮನ್ನು ಕನ್ನಡಕದ ಹತ್ತಿರ ಹಿಡಿದರು. ಆ ಎರಡು ಸಾಲನ್ನು ಈ ಲೆಕ್ಕದಲ್ಲಿ ಅವರು ನೋಡಿದ್ದು ಆಗಷ್ಟೇ ಅಂತ ಕಾಣುತ್ತದೆ, ತುಟಿಯ ಕೊನೆಯಲ್ಲಿ ನಗು ಬಂದುಹೋಯಿತು. ಆದರೂ ಬಿಡಲಿಲ್ಲ. ಮೋಸವಲ್ಲ ಎಂದಾದರೆ ಮತ್ತೇಕೆ ಬರೆದರು, ಅಕ್ಕನ ಮಕ್ಕಳು ಇವರ ಮಕ್ಕಳು ಹೇಗಾಗುತ್ತಾರೆ ಎಂದರು. ನಾನು ಕೇಳಿದೆ, ಸಾರ್, ನಿಮಗೆ ಮೊದಲ ಅನ್ನ ತಿನ್ನಿಸಿದವರು ಯಾರು? ಅವರು ಕಡತ ಕೆಳಗಿಟ್ಟರು. "ಆಮಾರ್ ಮೇಜೋಮಾಮಾ," ಎಂದರು, ನನ್ನ ಎರಡನೆಯ ಮಾಮಾ ಎಂದು. ದನಿ ಬೇರೆಯಾಗಿತ್ತು. ನಾನು ಹೇಳಿದೆ, ನಿಮ್ಮಲ್ಲಿ ಮಾಮಾ ಒಂದು ದಿನ ತಿನ್ನಿಸುತ್ತಾರೆ, ನಮ್ಮಲ್ಲಿ ಜನ್ಮಪೂರ್ತಿ ತಿನ್ನಿಸುತ್ತಾರೆ, ವ್ಯತ್ಯಾಸ ಅಷ್ಟೇ. ಇವರ ಮನೆಗೆ ಮುಂದಿನವರು ನಾವು, ನಾಳೆ ಇವರ ಚಿತೆಗೆ ಬೆಂಕಿ ಇಡುವವರೂ ನಾವೇ. ಕಾನೂನಿನಲ್ಲಿ ಇದಕ್ಕೆ ವಿನಾಯಿತಿ ಇಲ್ಲ ಎಂದು ನಾನು ಓದಿ ತಿಳಿದಿದ್ದೇನೆ. ಬಾಕಿ ತೆರಿಗೆಯನ್ನು ಈಗಲೇ ಕಟ್ಟುತ್ತೇವೆ. ಆದರೆ ಮಕ್ಕಳಿಲ್ಲ ಎಂದು ಮಾತ್ರ ಇವರ ಕೈಯಿಂದ ಬರೆಸಬೇಡಿ.

ಪಕ್ಕಕ್ಕೆ ತಿರುಗಿದರೆ ಮಾವ ಅಳುತ್ತಿದ್ದರಮ್ಮಾ. ಬಂಗಾಲಿ ಅವರಿಗೆ ಇಡ್ಲಿ ಮಾರುವಷ್ಟು ಮಾತ್ರ ಬರುವುದು ಎಂದುಕೊಂಡಿದ್ದೆ, ಎಲ್ಲ ಅರ್ಥವಾಗಿತ್ತು. ಲಾಹಿಡಿ ಗುಮಾಸ್ತನನ್ನು ಕರೆದು, ಅಂದು ನಕ್ಕಿದ್ದನಲ್ಲ ಅವನನ್ನೇ, ಒಂದು ಲೋಟ ನೀರು ತರಿಸಿ ಮಾವನಿಗೆ ಕೊಡಿಸಿದರು. ಆಮೇಲೆ ನಿನ್ನ ತಮ್ಮನ ಕಡೆ ಬಗ್ಗಿ, ದಾದಾ, ಟ್ಯಾಕ್ಸು ಬಿಡುವ ಅಧಿಕಾರ ನನಗಿಲ್ಲ, ದಂಡ ಬಿಡುವುದು ನನ್ನ ಕೈಯಲ್ಲಿದೆ ಎಂದರು. ಮಾವ ಅಲ್ಲೇ ಎದ್ದುಹೋಗಿ ಬಾಕಿಯನ್ನು ಕಟ್ಟಿ ಬಂದರು. ಹಣ ತೆಗೆದುಕೊಳ್ಳುವವನು, ಇಷ್ಟು ನಗುನಗುತ್ತಾ ತೆರಿಗೆ ಕಟ್ಟುವವರನ್ನು ಈ ಕಿಟಕಿಯಲ್ಲಿ ನೋಡಿಯೇ ಇಲ್ಲ ಎಂದನಂತೆ.

ನಿನ್ನೆ ಆದೇಶದ ಪ್ರತಿ ಅಂಚೆಯಲ್ಲಿ ಬಂತು. ಇಂಗ್ಲಿಷಿನಲ್ಲಿರುವುದನ್ನು ನಿನಗಾಗಿ ಕನ್ನಡದಲ್ಲಿ ಬರೆಯುತ್ತೇನೆ: ಸದರಿಯವರು ತಮ್ಮ ಮನೆತನದ ಸಂಪ್ರದಾಯದಂತೆ ಅಕ್ಕನ ಮೂವರು ಮಕ್ಕಳನ್ನು ತಮ್ಮ ಮಕ್ಕಳೆಂದು ಪ್ರಾಮಾಣಿಕವಾಗಿ ನಂಬಿ ಬರೆದಿದ್ದಾರೆ, ಕಾಯಿದೆಯ ವಿನಾಯಿತಿ ಸಲ್ಲದು, ಮೋಸದ ಉದ್ದೇಶವಿಲ್ಲ, ದಂಡವಿಲ್ಲ. ಕೆಳಗೆ ಸಹಿ, ಮೇಲೆ ಸರ್ಕಾರದ ಮೊಹರು. ಮಾವ ಅದನ್ನು ನನ್ನಿಂದ ಓದಿಸಿದರು, ಬಾಲಚಂದ್ರನಿಂದ ಓದಿಸಿದರು, ಇವತ್ತು ಪ್ರೊಫೆಸರು ಬಂದ ಕೂಡಲೇ ಅವರಿಂದಲೂ ಓದಿಸಿದರು. "ಶೆಟ್ಟರೇ, ನನ್ನ ಸ್ವಂತ ಮಕ್ಕಳಿಗೂ ಇಂಥ ಸರ್ಟಿಫಿಕೇಟು ಇಲ್ಲವಲ್ರೀ," ಎಂದರು ಪ್ರೊಫೆಸರು. ಗಲ್ಲಾಪೆಟ್ಟಿಗೆಯ ಮೇಜಿನ ಗಾಜಿನ ಕೆಳಗೆ ಅದನ್ನು ಇಟ್ಟಾಗಿದೆ, ಬಿಲ್ಲು ಕೊಡುವವರೆಲ್ಲ ಓದಿಕೊಂಡೇ ಹೋಗಬೇಕು. ಇವತ್ತು ಬಂದವರಿಗೆಲ್ಲ ಕಡಲೆಬೇಳೆ ಪಾಯಸ ಪುಕ್ಕಟೆ. ಒಬ್ಬ ಸಾಂಬಾರಿಗೆ ಸಕ್ಕರೆ ಕೇಳಿದ, ಮಾವ ಗದರಿದರು. ನಮಗೆಲ್ಲ ಎಷ್ಟು ಸಮಾಧಾನವಾಯಿತು ಗೊತ್ತಾ. ಗಂಗೂಬಾಯಿ ಇನ್ನೂ ಊರಲ್ಲಿದ್ದರೆ ಈ ಕಾಗದವನ್ನು ಅವಳ ಮುಂದೆ ಮುರಾರಿಯಿಂದ ಗಟ್ಟಿಯಾಗಿ ಓದಿಸು. ಇಷ್ಟರವರೆಗೆ ಮಾತ್ರ, ಕೆಳಗಿನದು ಬೇಡ.

ಮಾವ ನಿನಗೆ ಹೇಳು ಎಂದದ್ದು: "ಅಕ್ಕಂಗೆ ಹೇಳ್, ಗದ್ದಿಗ್ ಇಳಿಬೇಡ ಅಂತ." ಬಾಲಚಂದ್ರನ ನಮಸ್ಕಾರ, ಅವನ ಮೀಸೆಯದೂ ಸೇರಿಸಿ. ಮುರಾರಿಗೆ ನನ್ನ ಮುದ್ದು, ಓದದಿದ್ದರೆ ಒಂದು ಗುದ್ದು. ನಿನ್ನ ಆಶೀರ್ವಾದ ನಮ್ಮೆಲ್ಲರ ತಲೆಯ ಮೇಲಿರಲಿ.

ನಿನ್ನ ದೊಡ್ಡ ಬಾಯಿಯ ಮಗಳು,
ರಾಜೀವಿ

ಇನ್ನೊಂದು ಮಾತು, ಕವರು ಅಂಟಿಸುವ ಮೊದಲು ಬೇಗ ಬೇಗ ಬರೆಯುತ್ತೇನೆ. ಪರೀಕ್ಷೆ ಮುಗಿದೊಡನೆ ಬಾ, ಹೆಮ್ಮಾಡಿಯವರು ಹೆಣ್ಣು ನೋಡಲು ಬರುತ್ತಾರೆ ಎಂದು ಬರೆದಿದ್ದೀಯಲ್ಲ, ಅವರಿಗೆ ಸ್ವಲ್ಪ ತಡೆಯಲು ಹೇಳು. ಇಲ್ಲಿ ಒಂದು ಬ್ಯಾಂಕಿನಲ್ಲಿ ನನಗೆ ಕೆಲಸ ಸಿಕ್ಕಿದೆ, ಪರೀಕ್ಷೆ ಮುಗಿದ ಮೇಲೆ ಸೇರಬೇಕು. ಮಾವನಿಗೆ ಇನ್ನೂ ಹೇಳಿಲ್ಲ, ಮೊದಲು ನಿನ್ನ ಒಪ್ಪಿಗೆ ಬರಲಿ. ನನ್ನ ಸಂಬಳವೂ ಒಂದಲ್ಲ ಒಂದು ವರ್ಷ ತೆರಿಗೆಯ ಗೆರೆ ದಾಟುತ್ತದೆ, ಆಗ ನಾನೂ ಆ ಫಾರಂ ತುಂಬಬೇಕು. ನಿಮ್ಮನ್ನು ನೆಚ್ಚಿಕೊಂಡ ಹೆತ್ತವರು ಇದ್ದಾರೆಯೇ ಎಂದು ಅದರಲ್ಲಿ ಒಂದು ಸಾಲಿದೆ. ಮಾವನ ಕೈ ಕಾವಲಿ ಹಿಡಿಯಲಾರದ ದಿನ ಬಂದರೆ, ಅಲ್ಲಿ ನಿನ್ನ ಹೆಸರು ಬರೆದು ಕೆಳಗೆ ಶೀನ ಶೆಟ್ಟಿ ಎಂದು ಬರೆಯುತ್ತೇನೆ. ಅದಕ್ಕೆ ವಿನಾಯಿತಿ ಇಲ್ಲ ಎಂದು ನನಗಿಂತ ಚೆನ್ನಾಗಿ ತಿಳಿದವರು ಈ ಬೆಹಾಲಾದಲ್ಲಿ ಯಾರೂ ಇಲ್ಲ. ಆದರೂ ಬರೆಯುತ್ತೇನೆ, ನೋಟೀಸು ಬರಲಿ. ಆ ಆಫೀಸಿಗೆ ಹೋಗುವ ಟ್ರಾಮು ಯಾವುದೆಂದು ನನಗೆ ಗೊತ್ತಿದೆ.